ಸೊಪ್ಪು ಕೊಯ್ದ ತಿಂಗಳನ್ನೂ ಬರೆಯಿರಿ

ತುಳಸಿ ಚೂರ್ಣದ ಡಬ್ಬಿಯ ಮೇಲೆ ಅದು ತಯಾರಾದ ತಿಂಗಳು ಇರುತ್ತದೆ, ಎಲ್ಲಿಯವರೆಗೆ ಬಳಸಬಹುದೆಂಬುದೂ ಇರುತ್ತದೆ. ಗಿಡದ ಸಸ್ಯಶಾಸ್ತ್ರೀಯ ಹೆಸರು, ಬ್ಯಾಚ್ ಸಂಖ್ಯೆ, ತೂಕ, ಬೆಲೆ ಯಾವುದಕ್ಕೂ ಕೊರತೆಯಿಲ್ಲ. ಸೊಪ್ಪನ್ನು ಹೊಲದಲ್ಲಿ ಕೊಯ್ದದ್ದು ಯಾವಾಗ ಎನ್ನುವುದು ಮಾತ್ರ ಸಾಮಾನ್ಯವಾಗಿ ಎಲ್ಲಿಯೂ ಕಾಣುವುದಿಲ್ಲ. ಆಷಾಢದ ಜಡಿಮಳೆಯಲ್ಲಿ ಕೊಯ್ದದ್ದೋ, ಕಾರ್ತಿಕದಲ್ಲಿ ಹೂತೆನೆ ತುಂಬಿದಾಗ ಕೊಯ್ದದ್ದೋ, ಚೈತ್ರದ ಬಿಸಿಲಿನಲ್ಲಿ ಕೊಯ್ದದ್ದೋ, ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ. ಇದನ್ನು ಸಣ್ಣ ಲೋಪವೆಂದು ಬಿಟ್ಟುಬಿಡಲಾಗದು. ತುಳಸಿ, ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ, ಮರುಗ, ಇವೆಲ್ಲ ಲ್ಯಾಮಿಯೇಸಿ ಎಂಬ ಒಂದೇ ಕುಟುಂಬದ ಗಿಡಗಳು. ಇವುಗಳ ಘಮ ಮತ್ತು ಔಷಧಗುಣದ ದೊಡ್ಡ ಪಾಲು ಇರುವುದು ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಗ್ರಂಥಿಗಳಲ್ಲಿ ತುಂಬಿಕೊಂಡ ಸುಗಂಧ ತೈಲದಲ್ಲಿ. ಆ ತೈಲ ವರ್ಷವಿಡೀ ಒಂದೇ ತೈಲವಾಗಿ ಉಳಿಯುವುದಿಲ್ಲ. ಗಿಡದ ಹೆಸರೊಂದನ್ನೇ ಬರೆದು ಔಷಧವೆಂದು ಮಾರುವುದು ಅರ್ಧ ಮಾಹಿತಿ ಕೊಟ್ಟಂತೆ. ಕೊಯ್ಲಿನ ಕಾಲ ಮತ್ತು ತೈಲದ ಪ್ರಮಾಣ, ಇವೆರಡನ್ನೂ ದಾಖಲಿಸುವುದು ಕಡ್ಡಾಯವಾಗಬೇಕು ಎಂಬುದು ಈ ಲೇಖನದ ವಾದ.

ಎಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಅತ್ಯಂತ ಚೆನ್ನಾಗಿ ಅರಿತಿರುವುದು ಪೆಪ್ಪರ್‌ಮಿಂಟ್ ಪುದೀನದ ವಿಷಯದಲ್ಲಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಾಡ್ನಿ ಕ್ರೊಟೊ ಮತ್ತು ಅವರ ಸಂಗಡಿಗರು ಈ ಒಂದು ಗಿಡದ ಹಿಂದೆ ದಶಕಗಳ ಕಾಲ ದುಡಿದರು. ಗಿಡ ಮೆಂಥಾಲನ್ನು ನೇರವಾಗಿ ತಯಾರಿಸುವುದಿಲ್ಲ. ಮೊದಲು ಲಿಮೊನೀನ್, ಅಲ್ಲಿಂದ ಹಲವು ಹಂತ ದಾಟಿ ಪ್ಯುಲಿಗೋನ್, ಅದರಿಂದ ಮೆಂಥೋನ್, ಕಟ್ಟಕಡೆಗೆ ಮೆಂಥಾಲ್. ನಡುವೆ ಪ್ಯುಲಿಗೋನಿನ ಒಂದಂಶ ಅಡ್ಡದಾರಿ ಹಿಡಿದು ಮೆಂಥೊಫ್ಯುರಾನ್ ಆಗುತ್ತದೆ. 2000ನೇ ಇಸವಿಯಲ್ಲಿ ಪ್ರಕಟವಾದ ಅವರ ಅಧ್ಯಯನವೊಂದು ತೋರಿಸಿದಂತೆ, ಎಲೆ ತೈಲವನ್ನು ತಯಾರಿಸುವುದು ಅದರ ಆಯುಸ್ಸಿನ ಸುಮಾರು 12ನೇ ದಿನದಿಂದ 20ನೇ ದಿನದವರೆಗೆ ಮಾತ್ರ. ಆಮೇಲೆ ಹೊಸ ತೈಲ ಹುಟ್ಟುವುದಿಲ್ಲ; ಇರುವ ತೈಲವೇ ಬದಲಾಗುತ್ತಾ ಹೋಗುತ್ತದೆ, ಎಲೆ ಬಲಿತಂತೆ ಮೆಂಥೋನ್ ಕಡಿಮೆಯಾಗಿ ಮೆಂಥಾಲ್ ಹೆಚ್ಚುತ್ತದೆ. ಬಿಸಿಲಿಗೆ ಎಣ್ಣೆ ಆವಿಯಾಗಿ ಹೋಗುವುದರಿಂದ ಬೇಸಿಗೆಯ ಎಲೆಯಲ್ಲಿ ಕಸುವು ಕಡಿಮೆ ಎಂದು ಹೇಳುವವರಿದ್ದಾರೆ. ಅದೇ ಅಧ್ಯಯನದ ಪ್ರಕಾರ ಪೆಪ್ಪರ್‌ಮಿಂಟಿನ ಎಲೆಯಿಂದ ಆವಿಯಾಗಿ ಹೋಗುವ ಪಾಲು ತೀರಾ ಕಡಿಮೆ. ಎಣ್ಣೆ ಎಷ್ಟಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಎಲೆ ಎಷ್ಟು ತಯಾರಿಸಿತು ಎಂಬುದು, ಎಷ್ಟು ಕಳೆದುಕೊಂಡಿತು ಎಂಬುದಲ್ಲ. ಋತು ತನ್ನ ಪ್ರಭಾವ ಬೀರುವುದು ಈ ತಯಾರಿಕೆಯ ಹಂತದಲ್ಲಿಯೇ.

ಹೇಗೆ ಎಂಬುದಕ್ಕೆ ಇನ್ನೂ ಹಳೆಯ ಪುರಾವೆ ಇದೆ. 1967ರಲ್ಲಿ ಬರ್ಬಟ್ ಮತ್ತು ಲೂಮಿಸ್ ಎಂಬ ವಿಜ್ಞಾನಿಗಳು ಬೆಳಕು ಮತ್ತು ಉಷ್ಣಾಂಶವನ್ನು ನಿಯಂತ್ರಿಸಿ ಪೆಪ್ಪರ್‌ಮಿಂಟ್ ಬೆಳೆಸಿ ನೋಡಿದರು. ಹಗಲು ದೀರ್ಘವಾಗಿ, ಬೆಳಕು ಪ್ರಖರವಾಗಿ, ರಾತ್ರಿ ತಂಪಾಗಿದ್ದರೆ ಎಲೆಯಲ್ಲಿ ಮೆಂಥೋನ್ ಹೆಚ್ಚಿತು. ಬೆಳಕು ಸಾಲದೆ ರಾತ್ರಿಯೂ ಬೆಚ್ಚಗಿದ್ದರೆ ಪ್ಯುಲಿಗೋನ್ ಮತ್ತು ಮೆಂಥೊಫ್ಯುರಾನ್ ತುಂಬಿಕೊಂಡವು. ಹಗಲಿಡೀ ಕೂಡಿಟ್ಟ ಶಕ್ತಿಯನ್ನು ಗಿಡ ಬೆಚ್ಚನೆಯ ರಾತ್ರಿಯಲ್ಲಿ ಉಸಿರಾಟಕ್ಕೇ ಕಳೆದುಕೊಂಡರೆ, ಮುಂದಿನ ಹಂತಕ್ಕೆ ಹೋಗಲು ಬೇಕಾದ ಬಲ ಎಲೆಗೆ ಉಳಿಯುವುದಿಲ್ಲ ಎಂಬುದು ಅವರ ವಿವರಣೆಯ ಸಾರ. ಇಲ್ಲಿ ಬರೀ ಘಮದ ಮಾತು ಮುಗಿದು ಆರೋಗ್ಯದ ಮಾತು ಶುರುವಾಗುತ್ತದೆ. ಪ್ಯುಲಿಗೋನ್ ಮತ್ತು ಮೆಂಥೊಫ್ಯುರಾನ್ ಎರಡೂ ಹೆಚ್ಚಾದಾಗ ಯಕೃತ್ತಿಗೆ ಹಾನಿ ಮಾಡಬಲ್ಲವು. ಅದಕ್ಕಾಗಿಯೇ ಯೂರೋಪಿನ ಔಷಧ ಸಂಹಿತೆ ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಮೆಂಥಾಲ್ ಶೇ 30ರಿಂದ 55, ಮೆಂಥೋನ್ ಶೇ 14ರಿಂದ 32 ಇರಬೇಕೆಂದು ಹೇಳುವುದರ ಜೊತೆಗೆ ಪ್ಯುಲಿಗೋನ್ ಮತ್ತು ಮೆಂಥೊಫ್ಯುರಾನಿಗೆ ಮೇಲ್ಮಿತಿ ಹಾಕಿದೆ. ಈ ಮಿತಿಗಳು ಎಷ್ಟು ಅಗಲವಾಗಿವೆ ಎಂಬುದನ್ನು ಗಮನಿಸಬೇಕು. ಗಿಡ ಕಾರ್ಖಾನೆಯಂತೆ ಒಂದೇ ಅಳತೆಯಲ್ಲಿ ಉತ್ಪಾದಿಸುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ, ಅಪಾಯದ ಕಡೆಗೆ ವಾಲಿದ ಎಣ್ಣೆಯನ್ನು ಹೊರಗಿಡುವ ಕ್ರಮ ಅದು.

ನಮ್ಮ ಹಿತ್ತಲಿಗೆ ಹತ್ತಿರದ ಉದಾಹರಣೆ ಬೇಕೆಂದರೆ ದೊಡ್ಡಪತ್ರೆ. ಅದರ ಖಾರದ ವಾಸನೆಗೆ ಮುಖ್ಯ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಎರಡು ಸಂಯುಕ್ತಗಳು. ಓಮದ ವಾಸನೆ ಅದರಲ್ಲಿ ಸುಳಿಯುವುದು ಈ ಥೈಮಾಲಿನಿಂದಲೇ. ಸೂಕ್ಷ್ಮಾಣುಗಳನ್ನು ತಡೆಯುವ ಬಲವೂ ಹೆಚ್ಚಾಗಿ ಇವೆರಡರದ್ದು. ಇದೇ ಕುಟುಂಬದ ಗ್ರೀಕ್ ಒರಿಗಾನೊ ಇದೇ ಸಂಯುಕ್ತಗಳನ್ನು ತಯಾರಿಸುತ್ತದೆ, ಅದರ ಋತುಭೇದವನ್ನು ಸ್ಟೆಲಾ ಕೊಕ್ಕಿನಿ ಮತ್ತು ಸಂಗಡಿಗರು 1997ರಲ್ಲಿ ವಿವರವಾಗಿ ದಾಖಲಿಸಿದರು. ಬೇಸಿಗೆಯಲ್ಲಿ ಹೂಬಿಟ್ಟಾಗ ಕೊಯ್ದ ಗಿಡದಲ್ಲಿ ಎಣ್ಣೆ ಸಮೃದ್ಧ, ಅದರಲ್ಲಿ ಕಾರ್ವಕ್ರಾಲ್ ಅಥವಾ ಥೈಮಾಲಿನದೇ ಮೇಲುಗೈ. ಶರತ್ಕಾಲದಲ್ಲಿ ಕೊಯ್ದ ಗಿಡದಲ್ಲಿ ಎಣ್ಣೆಯೂ ಕಡಿಮೆ, ಇರುವ ಎಣ್ಣೆಯಲ್ಲೂ ಪ್ಯಾರಾ-ಸೈಮೀನ್ ಮುಂದೆ ಬಂದು ಕೆಲವು ಮಾದರಿಗಳಲ್ಲಿ ಅರ್ಧದಷ್ಟು ಆವರಿಸಿಕೊಂಡಿತ್ತು. ಪ್ಯಾರಾ-ಸೈಮೀನ್ ತಾನೇ ಸೂಕ್ಷ್ಮಾಣುಗಳನ್ನು ಕೊಲ್ಲುವುದರಲ್ಲಿ ದುರ್ಬಲ. ಎರಡೂ ಕೊಯ್ಲನ್ನು ಒಣಗಿಸಿ ಪುಡಿ ಮಾಡಿ ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಯೂರೋಪಿನ ಸಂಹಿತೆ ಥೈಮ್ ಸೊಪ್ಪಿನ ವಿಷಯದಲ್ಲಿ ಕಿಲೋಗೆ ಕನಿಷ್ಠ 12 ಮಿಲಿಲೀಟರ್ ಎಣ್ಣೆ ಇರಬೇಕು, ಆ ಎಣ್ಣೆಯಲ್ಲಿ ಥೈಮಾಲ್ ಮತ್ತು ಕಾರ್ವಕ್ರಾಲ್ ಸೇರಿ ಕನಿಷ್ಠ ಶೇ 40 ಇರಬೇಕು ಎಂದು ಎರಡು ಹಂತದ ಷರತ್ತು ಹಾಕಿರುವುದು ಇದೇ ಕಾರಣಕ್ಕೆ. ನಮ್ಮ ಆಯುರ್ವೇದ ಔಷಧ ಸಂಹಿತೆಯ ಸಸ್ಯ ವಿವರಣೆಗಳಲ್ಲಿ ಬಹುಮಟ್ಟಿಗೆ ಒತ್ತು ಬಿದ್ದಿರುವುದು ಬೂದಿಯ ಪ್ರಮಾಣ, ಮದ್ಯಸಾರದಲ್ಲಿ ಮತ್ತು ನೀರಿನಲ್ಲಿ ಕರಗುವ ಅಂಶ ಇಂಥವುಗಳ ಮೇಲೆ. ಮಣ್ಣು, ಕಸ, ಕಲಬೆರಕೆ ಹಿಡಿಯಲು ಇವು ಬೇಕೇ ಬೇಕು. ಎಲೆಯ ಎಣ್ಣೆ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಮಾತ್ರ ಇವು ಹೇಳಲಾರವು.

ಇಷ್ಟಾಗಿಯೂ ‘ಋತು’ ಎಂಬುದನ್ನು ಒಂದೇ ಕಾರಣವಾಗಿ ಹಿಡಿದರೆ ತಪ್ಪು ದಾರಿಗೆ ಬೀಳುತ್ತೇವೆ. ಹಗಲಿನ ಉದ್ದ, ರಾತ್ರಿಯ ತಂಪು, ಮಳೆ, ಮೋಡ, ಎಲೆಯ ವಯಸ್ಸು, ಹೂಬಿಡುವ ಹಂತ, ಹುಳುವಿನ ಕಾಟ, ಎಲ್ಲ ಸೇರಿದ ಮೂಟೆಗೆ ನಾವು ಋತು ಎಂದು ಹೆಸರಿಟ್ಟಿದ್ದೇವೆ. ಈ ಕ್ಷೇತ್ರದ ಎಷ್ಟೋ ಅಧ್ಯಯನಗಳು ಒಂದೇ ವರ್ಷದವು, ಒಂದೇ ಊರಿನವು. ಗಿಡಕ್ಕೆ ವಯಸ್ಸಾದದ್ದರ ಫಲವನ್ನೇ ಋತುವಿನ ಲೆಕ್ಕಕ್ಕೆ ಬರೆದುಬಿಡುವ ಅಪಾಯ ಅವುಗಳಲ್ಲಿದೆ. ಇನ್ನು ಒಂದೇ ದಿನದೊಳಗಿನ ವ್ಯತ್ಯಾಸವೂ ಇದೆ. ಬ್ರೆಜಿಲ್‌ನಲ್ಲಿ ತುಳಸಿಯ ಜಾತಿಗೇ ಸೇರಿದ ಆಸಿಮಮ್ ಗ್ರಾಟಿಸಿಮಮ್ ಗಿಡವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೊಯ್ದು ಪರೀಕ್ಷಿಸಿದಾಗ, ಎಣ್ಣೆಯಲ್ಲಿ ಯುಜಿನಾಲ್ ಮಧ್ಯಾಹ್ನ ಶೇ 98ರಷ್ಟಿದ್ದದ್ದು ಸಂಜೆ ಐದರ ಹೊತ್ತಿಗೆ ಶೇ 11ಕ್ಕೆ ಇಳಿದಿತ್ತು ಎಂದು 1999ರಲ್ಲಿ ವರದಿಯಾಯಿತು. ಇಂಥ ಭಾರೀ ಏರಿಳಿತ ಎಲ್ಲ ಗಿಡದಲ್ಲೂ ಇರುತ್ತದೆಂದು ಹೇಳಲಾಗದು. ಪಾಕಿಸ್ತಾನದ ಫೈಸಲಾಬಾದಿನ ಕಾಮಕಸ್ತೂರಿಯ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಚಿತ್ರ ಕೊಡುತ್ತದೆ: ಬೇಸಿಗೆಯಲ್ಲಿ ಶೇ 0.5ರಷ್ಟಿದ್ದ ಎಣ್ಣೆ ಚಳಿಗಾಲದಲ್ಲಿ ಶೇ 0.8ಕ್ಕೆ ಏರಿತು, ಆದರೆ ಅದರ ಮುಖ್ಯ ಘಟಕವಾದ ಲಿನಲೂಲ್ ವರ್ಷವಿಡೀ ಶೇ 57ರಿಂದ 61ರ ಆಸುಪಾಸಿನಲ್ಲೇ ನಿಂತಿತ್ತು. ಅಂದರೆ ಒಂದು ಗಿಡದಲ್ಲಿ ಎಣ್ಣೆಯ ಅಳತೆ ಬದಲಾಗುತ್ತದೆ, ಇನ್ನೊಂದರಲ್ಲಿ ಎಣ್ಣೆಯ ಸ್ವಭಾವವೇ ಬದಲಾಗುತ್ತದೆ. ಎಲ್ಲಕ್ಕೂ ಒಂದೇ ಸೂತ್ರ ಹೇಳುವಂತಿಲ್ಲ. ಅಳೆದು ನೋಡದೆ ಗತ್ಯಂತರವಿಲ್ಲ ಎಂಬ ಮಾತಿಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಇಲ್ಲಿ ತಜ್ಞರೇ ಎತ್ತುವ ಆಕ್ಷೇಪವೊಂದಿದೆ. ಋತುವಿಗಿಂತ ತಳಿ ದೊಡ್ಡದು, ಮೊದಲು ತಳಿಯ ಗುರುತು ಪತ್ತೆಯಾಗಲಿ ಎನ್ನುತ್ತಾರೆ ಅವರು. ಈ ಮಾತಿನಲ್ಲಿ ತೂಕವಿದೆ. ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆ ನಗರದ ಉತ್ತರಕ್ಕೆ ಸೇಂಟ್ ಮಾರ್ಟಿನ್ ದ ಲೋಂದ್ರ್ ಎಂಬ ತಗ್ಗು ಪ್ರದೇಶವಿದೆ. ಅಲ್ಲಿನ ಕಾಡು ಥೈಮ್ ನೋಡಲು ಒಂದೇ ಗಿಡ, ಎಣ್ಣೆಯ ಲೆಕ್ಕದಲ್ಲಿ ಆರು ಬಗೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಇಳಿದು ನಿಲ್ಲುವ ತಗ್ಗಿನಲ್ಲಿ ಥೈಮಾಲ್, ಕಾರ್ವಕ್ರಾಲ್ ಇಲ್ಲದ ಬಗೆಗಳಿವೆ. ಸುತ್ತಲಿನ ಬೆಚ್ಚನೆಯ ಕಲ್ಲುನೆಲದಲ್ಲಿ ಅವು ತುಂಬಿದ ಬಗೆಗಳಿವೆ. ಈ ಭೇದ ಅನುವಂಶೀಯ, ಋತು ಬದಲಾದರೆ ಅಳಿಸಿಹೋಗುವಂಥದ್ದಲ್ಲ. ಹೀಗಾಗಿ ತಳಿಯನ್ನು ಮೊದಲು ನೋಡಬೇಕೆಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ಕಣಿವೆಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1970ರ ದಶಕದ ಸಮೀಕ್ಷೆಯನ್ನು ದಶಕಗಳ ಬಳಿಕ ಜಾನ್ ಥಾಂಪ್ಸನ್ ಮತ್ತು ಸಂಗಡಿಗರು ಮತ್ತೆ ನಡೆಸಿ 2013ರಲ್ಲಿ ಪ್ರಕಟಿಸಿದರು. ಕಡುಚಳಿಯ ರಾತ್ರಿಗಳು ಕಡಿಮೆಯಾದಂತೆ ಥೈಮಾಲ್, ಕಾರ್ವಕ್ರಾಲಿನ ಗಿಡಗಳು ಹಿಂದೆ ತಮಗೆ ಎಟುಕದಿದ್ದ ಜಾಗಗಳಿಗೂ ಕಾಲಿಟ್ಟಿದ್ದವು. ಚಳಿಗಾಲ ಬದಲಾದರೆ ಒಂದು ಕಣಿವೆಯ ಔಷಧದ ರಸಾಯನವೇ ಕೆಲವು ದಶಕಗಳಲ್ಲಿ ಬದಲಾಗುತ್ತದೆ. ತಳಿಯನ್ನು ಒಮ್ಮೆ ಗುರುತಿಸಿ ಕಡತ ಮುಚ್ಚಿದರೆ ಸಾಲದು, ಕಾಲಕಾಲಕ್ಕೆ ತೆರೆದು ನೋಡುತ್ತಿರಬೇಕು.

ತುಳಸಿಯಲ್ಲಿ ತಳಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಕೆಲವು ತುಳಸಿಯ ಎಣ್ಣೆಯಲ್ಲಿ ಯುಜಿನಾಲ್ ಪ್ರಧಾನ, ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚಿದಾಗ ಕೆಲಸ ಮಾಡುವುದು ಇದೇ. ಇನ್ನು ಕೆಲವದರಲ್ಲಿ ಮಿಥೈಲ್ ಯುಜಿನಾಲ್ ಪ್ರಧಾನ. ಮಾವಿನ ತೋಟಗಳಲ್ಲಿ ಗಂಡು ಹಣ್ಣುನೊಣಗಳನ್ನು ಸೆಳೆಯಲು ಬಲೆಯಲ್ಲಿಡುವ ಮದ್ದು ಇದು. ಈ ಮಿಥೈಲ್ ಯುಜಿನಾಲನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ವರ್ಗಕ್ಕೆ ಸೇರಿಸಿತು. ಈ ವರ್ಗೀಕರಣ ಅಪಾಯದ ಸ್ವಭಾವವನ್ನು ಹೇಳುತ್ತದೆಯೇ ಹೊರತು ದಿನಕ್ಕೆರಡು ಎಲೆ ತಿನ್ನುವವರಿಗೆ ಎಷ್ಟು ಅಪಾಯವೆಂದು ಹೇಳುವುದಿಲ್ಲ. ಇದನ್ನು ಓದಿ ಯಾರೂ ಕಟ್ಟೆಯ ತುಳಸಿಯನ್ನು ಅನುಮಾನದಿಂದ ನೋಡಬೇಕಿಲ್ಲ. ಪ್ರಶ್ನೆ ಇರುವುದು ಸಾರ ಇಳಿಸಿ, ಮಾತ್ರೆ ಕಟ್ಟಿ, ತಿಂಗಳುಗಟ್ಟಲೆ ಸೇವಿಸಿ ಎಂದು ಮಾರುವ ಉತ್ಪನ್ನಗಳದ್ದು. ಸಾಂದ್ರವಾದ ಪದಾರ್ಥದಲ್ಲಿ ಯಾವ ಘಟಕ ಎಷ್ಟಿದೆ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಲಖನೌದ ಸಿಮ್ಯಾಪ್, ಅಂದರೆ ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆ, ಯುಜಿನಾಲ್ ಸಮೃದ್ಧವಾದ ‘ಸಿಮ್-ಆಯು’ ಎಂಬ ತುಳಸಿ ತಳಿಯನ್ನು ಬಿಡುಗಡೆ ಮಾಡಿದೆ. ಆರಿಸಿ ಬೆಳೆಯುವ ದಾರಿ ಇದೆ ಎಂದಾಯಿತು. ಆರಿಸಿದ್ದೇವೆಂದು ಡಬ್ಬಿಯ ಮೇಲೆ ಹೇಳುವ ಪದ್ಧತಿ ಇನ್ನೂ ಬೆಳೆದಿಲ್ಲ.

ಎರಡನೆಯ ಆಕ್ಷೇಪ ಪರಂಪರೆಯ ಕಡೆಯಿಂದ ಬರುತ್ತದೆ. ಆಯುರ್ವೇದ ಗಿಡವನ್ನು ಇಡಿಯಾಗಿ ನೋಡುತ್ತದೆ, ಒಂದೆರಡು ರಾಸಾಯನಿಕಗಳ ಶೇಕಡಾವಾರಿಗೆ ಅದನ್ನು ಇಳಿಸುವುದು ಸಲ್ಲದು ಎಂಬ ಮಾತು. ಒಂದೇ ಘಟಕದಿಂದ ಔಷಧದ ಗುಣ ನಿರ್ಧಾರವಾಗುವುದಿಲ್ಲ ಎಂಬುದು ನಿಜವೇ. ಆದರೆ ಗಿಡ ಇಡಿಯಾಗಿ ಮುಖ್ಯವಾದರೆ, ಆ ಇಡೀ ಸಮತೋಲ ತಿಂಗಳಿಂದ ತಿಂಗಳಿಗೆ ಕದಲುವುದು ಇನ್ನೂ ಹೆಚ್ಚು ಮುಖ್ಯವಾಗಬೇಕು. ಪರಂಪರೆ ಇದನ್ನು ಕಡೆಗಣಿಸಿರಲಿಲ್ಲ. ಚರಕ ಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯದಲ್ಲೇ ದ್ರವ್ಯಗಳನ್ನು ಯಾವಾಗ ಸಂಗ್ರಹಿಸಬೇಕೆಂಬ ವಿವರವಿದೆ: ಹೊಸದಾಗಿ ಚಿಗುರಿದ ಕೊಂಬೆ ಮತ್ತು ಎಲೆಯನ್ನು ವರ್ಷ ಹಾಗೂ ವಸಂತ ಋತುಗಳಲ್ಲಿ, ಬೇರನ್ನು ಗ್ರೀಷ್ಮ ಅಥವಾ ಶಿಶಿರದಲ್ಲಿ, ತೊಗಟೆ, ಗೆಡ್ಡೆ ಮತ್ತು ಹಾಲನ್ನು ಶರತ್ತಿನಲ್ಲಿ, ಮರದ ತಿರುಳನ್ನು ಹೇಮಂತದಲ್ಲಿ ತೆಗೆಯಬೇಕೆಂದು ಅದು ಸೂಚಿಸುತ್ತದೆ. ಎಲೆಯ ವಯಸ್ಸನ್ನೂ ಋತುವನ್ನೂ ಒಟ್ಟಿಗೆ ಹೇಳಿದ್ದು ಗಮನಾರ್ಹ, ಏಕೆಂದರೆ ಪೆಪ್ಪರ್‌ಮಿಂಟಿನ ಪ್ರಯೋಗಾಲಯ ಹೇಳಿದ್ದೂ ಎಲೆಯ ವಯಸ್ಸಿನ ಮಹತ್ವವನ್ನೇ. ಚರಕರು ಕೊಟ್ಟದ್ದು ಎಲ್ಲ ಗಿಡಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮ. ಅದನ್ನು ಗಿಡಗಿಡಕ್ಕೂ, ಸೀಮೆಸೀಮೆಗೂ ಪರೀಕ್ಷಿಸಿ ಪರಿಷ್ಕರಿಸುವ ಕೆಲಸ ನಮ್ಮದು. ಪರಂಪರೆಯ ಹೆಸರಿನಲ್ಲಿ ಮಾರಾಟವಾಗುವ ಔಷಧದಲ್ಲಿ ಪರಂಪರೆಯೇ ಕಡ್ಡಾಯವೆಂದ ಮಾಹಿತಿ ಇಲ್ಲದಿರುವುದನ್ನು ಪರಂಪರೆಯ ಪರವಾಗಿ ಸಮರ್ಥಿಸಲಾಗದು.

ಸೀಮೆಯ ಮಾತು ಕರ್ನಾಟಕಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಅಮೆರಿಕದ ವಾಯವ್ಯ ಭಾಗದ ಪುದೀನ ಹೊಲಗಳಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಏಳು ತಾಸಿನ ಅಂತರ. ಬೆಂಗಳೂರಿನಲ್ಲಿ ಆ ಅಂತರ ಒಂದೂವರೆ ತಾಸು. ಅಲ್ಲಿ ಹಗಲಿನ ಉದ್ದ ಮಾಡುವ ಕೆಲಸವನ್ನು ಇಲ್ಲಿ ಮುಂಗಾರಿನ ಮೋಡ, ಮಳೆ ಮತ್ತು ರಾತ್ರಿಯ ಉಷ್ಣಾಂಶ ಮಾಡುತ್ತಿರಬೇಕು. ಆದ್ದರಿಂದ ಹೊರಗಿನ ಕೊಯ್ಲಿನ ಪಂಚಾಂಗವನ್ನು ತಂದು ಇಲ್ಲಿ ತೂಗುಹಾಕುವಂತಿಲ್ಲ. ನಮ್ಮಲ್ಲೇ ಆಗುಂಬೆಯ ಆಷಾಢಕ್ಕೂ ಚಿತ್ರದುರ್ಗದ ಆಷಾಢಕ್ಕೂ ಸಂಬಂಧವಿಲ್ಲ. ಕರಾವಳಿಯ ಬೆಚ್ಚನೆಯ ರಾತ್ರಿ ಬೇರೆ, ಚಿಕ್ಕಬಳ್ಳಾಪುರದ ಮಾಗಿಯ ರಾತ್ರಿ ಬೇರೆ. ಬೆಂಗಳೂರಿನಲ್ಲಿ ಸಿಮ್ಯಾಪ್‌ನ ಸಂಶೋಧನಾ ಕೇಂದ್ರವಿದೆ, ರಾಜ್ಯದಲ್ಲಿ ಹಲವು ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳಿವೆ. ತುಳಸಿ, ದೊಡ್ಡಪತ್ರೆ, ಕಾಮಕಸ್ತೂರಿ, ಅಡಿಕೆ ತೋಟದ ನೆರಳಲ್ಲಿ ಬೆಳೆಯುವ ಪಚೋಲಿ, ಈ ನಾಲ್ಕು ಗಿಡಗಳ ಒಂದೊಂದು ತಳಿಯನ್ನು ಮಲೆನಾಡು, ಕರಾವಳಿ, ಬಯಲುಸೀಮೆಯಲ್ಲಿ ನೆಟ್ಟು, ಒಂದೇ ವಯಸ್ಸಿನ ಎಲೆಯನ್ನು ಒಂದೇ ಹೊತ್ತಿನಲ್ಲಿ ಪ್ರತಿ ತಿಂಗಳೂ ಕೊಯ್ದು, ಕನಿಷ್ಠ ಮೂರು ವರ್ಷ ಎಣ್ಣೆಯನ್ನು ಅಳೆದರೆ ಸಾಕು, ನಮ್ಮದೇ ಆದ ಕೊಯ್ಲಿನ ಪಂಚಾಂಗ ಸಿದ್ಧವಾಗುತ್ತದೆ. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ, ಹಟ ಹಿಡಿದು ಮುಂದುವರಿಸುವ ತಾಳ್ಮೆ ಬೇಕು.

ಖರ್ಚಿನ ಆಕ್ಷೇಪಕ್ಕೆ ಬರೋಣ. ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ದುಬಾರಿ, ಸಣ್ಣ ತಯಾರಕರು, ಎಕರೆ ಅರ್ಧ ಎಕರೆ ರೈತರು ಇದನ್ನೆಲ್ಲ ಎಲ್ಲಿ ಮಾಡಿಸುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕೊಯ್ದ ದಿನಾಂಕ ಬರೆದಿಡಲು ಮಾತ್ರ ಯಾವ ಯಂತ್ರವೂ ಬೇಕಿಲ್ಲ. ಸೊಪ್ಪಿನಲ್ಲಿ ಎಣ್ಣೆ ಎಷ್ಟಿದೆ ಎಂದು ತಿಳಿಯಲು ಬೇಕಾದ ಕ್ಲೆವೆಂಜರ್ ಉಪಕರಣ ಗಾಜಿನ ಸರಳ ಸಾಧನ, ಕಾಲೇಜಿನ ಪ್ರಯೋಗಾಲಯದಲ್ಲೂ ಇರುವಂಥದ್ದು. ಘಟಕಗಳ ಪರೀಕ್ಷೆಯನ್ನು ಪ್ರತಿ ರೈತನ ಮಟ್ಟದಲ್ಲಿ ಅಲ್ಲ, ಸೊಪ್ಪು ಒಟ್ಟಾಗುವ ಸಂಘ ಅಥವಾ ಖರೀದಿದಾರನ ಮಟ್ಟದಲ್ಲಿ, ರಾಶಿಗೊಂದರಂತೆ ಮಾಡಿದರೆ ಸಾಕು. ಇದು ಆಗುವ ಕೆಲಸ ಎಂಬುದಕ್ಕೆ ಉತ್ತರ ಪ್ರದೇಶದ ಬಾರಾಬಂಕಿ ಸೀಮೆಯ ಮೆಂಥಾಲ್ ಪುದೀನವೇ ಸಾಕ್ಷಿ. ಜಗತ್ತಿನ ಮೆಂಥಾಲ್ ಪುದೀನದೆಣ್ಣೆಯ ಬಹುಪಾಲು ಭಾರತದ್ದು, ಅದರಲ್ಲಿ ಬಹುಪಾಲು ಆ ಭಾಗದ್ದು. ಬೇಸಿಗೆಯ ಆರಂಭದಲ್ಲಿ ನಾಟಿ ಮಾಡಿದ ಪೈರನ್ನು ಮಳೆ ಹಿಡಿಯುವ ಮುನ್ನವೇ ಕೊಯ್ದು ಭಟ್ಟಿಗೆ ಹಾಕಬೇಕು, ಮಳೆಗೆ ಸಿಕ್ಕಿದರೆ ಎಣ್ಣೆ ಇಳಿಯುತ್ತದೆ ಎಂಬುದು ಅಲ್ಲಿನ ಸಣ್ಣ ರೈತರಿಗೆಲ್ಲ ಗೊತ್ತು. ಸಿಮ್ಯಾಪ್‌ನ ಕೋಸಿಯಂಥ ತಳಿಗಳೂ ಬೇಗ ನಾಟಿ ಮಾಡುವ ವಿಧಾನಗಳೂ ಹರಡಿದ್ದು ಈ ಲೆಕ್ಕಾಚಾರದ ಮೇಲೆಯೇ. ಎಣ್ಣೆಯ ಬೆಲೆ ಅದರ ಮೆಂಥಾಲ್ ಪ್ರಮಾಣವನ್ನು ಹಿಡಿದು ನಿಲ್ಲುತ್ತದೆ. ಟೂತ್‌ಪೇಸ್ಟಿಗೆ ಹೋಗುವ ಎಣ್ಣೆಗೆ ಇಷ್ಟು ಪರೀಕ್ಷೆ ಸಾಧ್ಯವಾಗಿರುವಾಗ ರೋಗಿಯ ಹೊಟ್ಟೆಗೆ ಹೋಗುವ ಚೂರ್ಣಕ್ಕೆ ಅದು ಸಾಧ್ಯವಿಲ್ಲ ಎಂಬುದನ್ನು ನಾನು ಒಪ್ಪಲಾರೆ.

ಮನೆಮದ್ದಿನ ವಿಷಯ ಬೇರೆ. ಮಗುವಿಗೆ ಶೀತವಾದಾಗ ದೊಡ್ಡಪತ್ರೆ ಬಾಡಿಸಿ ರಸ ಹಿಂಡುವ ತಾಯಿಗೆ, ತಂಬುಳಿ ಮಾಡುವ ಅಜ್ಜಿಗೆ ಯಾವ ಶೇಕಡಾವಾರಿನ ಅಗತ್ಯವೂ ಇಲ್ಲ. ಅವರು ಕೈಯಲ್ಲಿ ಉಜ್ಜಿ ಮೂಸಿ ನೋಡಿಯೇ ಎಲೆ ಆರಿಸುತ್ತಾರೆ, ಬಳಸುವ ಪ್ರಮಾಣವೂ ಅಲ್ಪ. ಗ್ರಂದಿಗೆ ಅಂಗಡಿಯ ಒಣಸೊಪ್ಪಿನಿಂದ ಹಿಡಿದು ಕಾರ್ಖಾನೆಯ ಮಾತ್ರೆಯವರೆಗೆ, ಹಣ ತೆಗೆದುಕೊಂಡು ಗುಣದ ಭರವಸೆ ಕೊಡುವಲ್ಲಿ ಮಾತ್ರ ನನ್ನ ವಾದ ಅನ್ವಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಔಷಧ ಸಸ್ಯಗಳ ಕೃಷಿ ಮತ್ತು ಸಂಗ್ರಹಣೆಗೆ 2003ರಲ್ಲೇ ಮಾರ್ಗಸೂಚಿ ಹೊರಡಿಸಿ, ಗುಣ ಉತ್ತಮವಾಗಿರುವ ಋತುವಿನಲ್ಲೇ ಕೊಯ್ಲಾಗಬೇಕೆಂದು ಹೇಳಿತು. ನಮ್ಮ ಕೇಂದ್ರ ಆಯುಷ್ ಸಚಿವಾಲಯವೂ ರಾಷ್ಟ್ರೀಯ ಔಷಧ ಸಸ್ಯ ಮಂಡಳಿಯೂ ಈ ಸಲಹೆಯನ್ನು ಲೇಬಲ್ಲಿನ ನಿಯಮವನ್ನಾಗಿ ಬದಲಿಸಬೇಕು: ಕೊಯ್ದ ತಿಂಗಳು ಮತ್ತು ಜಿಲ್ಲೆ, ಎಣ್ಣೆಯ ಪ್ರಮಾಣ, ಸಾಂದ್ರೀಕರಿಸಿದ ಉತ್ಪನ್ನವಾದರೆ ಮುಖ್ಯ ಘಟಕಗಳು. ಇದರ ಮೊದಲ ಲಾಭ ಸಿಗಬೇಕಾದದ್ದು ಬೆಳೆದವರಿಗೆ. ಇಂದು ತುಳಸಿ ಬೆಳೆಗಾರರಿಗೆ ಸಿಗುವುದು ಒಣಸೊಪ್ಪಿನ ತೂಕಕ್ಕೆ ಬೆಲೆ. ಸರಿಯಾದ ವಾರಕ್ಕಾಗಿ ಕಾದು ಕೊಯ್ದವರಿಗೂ ಕೈಗೆ ಬಂದಾಗ ಕೊಯ್ದವರಿಗೂ ಒಂದೇ ದರ. ಬಲಿತ ಕಾಂಡ ಸೇರಿಸಿ ತೂಕ ಹೆಚ್ಚಿಸಿದವರಿಗೇ ಹೆಚ್ಚು ಹಣ. ಖರೀದಿಯ ತಕ್ಕಡಿಯ ಪಕ್ಕದಲ್ಲಿ ಎಣ್ಣೆಯ ಅಳತೆಯೂ ನಿಂತು, ಶೇ 0.8ರ ಸೊಪ್ಪಿಗೆ ಶೇ 0.5ರ ಸೊಪ್ಪಿಗಿಂತ ಕಣ್ಣಿಗೆ ಕಾಣುವಷ್ಟು ಹೆಚ್ಚಿನ ದರ ಸಿಕ್ಕರೆ, ಕೊಯ್ಲಿನ ಪಂಚಾಂಗವನ್ನು ಪಾಲಿಸಿ ಎಂದು ರೈತರಿಗೆ ಯಾವ ಅಧಿಕಾರಿಯೂ ಹೇಳಿಕೊಡಬೇಕಾಗುವುದಿಲ್ಲ.